ನಗುಮುಖದವರ ಹಲ್ಲುಸೆಟ್ಟು

ಆ ಹಲ್ಲಿನ ಆಸ್ಪತ್ರೆಯಲ್ಲಿ ಇದ್ದದ್ದು ಎರಡೇ ಕೋಣೆ. ಮುಂದಿನದರಲ್ಲಿ ಡಾಕ್ಟರಮ್ಮ, ಅವರ ಏರಿಳಿಯುವ ಕುರ್ಚಿ, ಕಣ್ಣಿಗೆ ಹೊಡೆಯುವ ದೀಪ, ಬಾಗಿಲ ಪಕ್ಕದಲ್ಲಿ ನಂಬರಿನ ಚೀಟಿ ಕೊಡುವ ಚೀಟಿ ಅಕ್ಕ. ಹಿಂದಿನದರಲ್ಲಿ ಅವಳು. ನಡುವೆ ಒಂದು ಹಸಿರು ಪರದೆ. ಆ ಪರದೆ ಸರಿಸಿ ಮುಂದಕ್ಕೆ ಬರಬಾರದು ಎಂದು ಯಾರೂ ಬೋರ್ಡು ಹಾಕಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಡಾಕ್ಟರಮ್ಮ ಅವಳ ಹೆಗಲ ಮೇಲೆ ಕೈಯಿಟ್ಟು ತುಂಬ ಅಕ್ಕರೆಯಿಂದಲೇ ಹೇಳಿದ್ದರು: “ತಪ್ಪು ತಿಳ್ಕೋಬೇಡ. ಮೊದಲೇ ಹಲ್ಲುನೋವಿನವರು, ಹೆದರಿಕೊಂಡು ಬಂದಿರ್ತಾರೆ. ನೀನು ಒಳಗೇ ಇದ್ದುಬಿಡು.” ಅಂದಿನಿಂದ ಅವಳ ಹೆಸರೇ ಒಳಗಿನವಳು ಎಂದಾಗಿಹೋಯಿತು. ಒಳಗಿನವಳಿಗೆ ಕೊಡಿ, ಒಳಗಿನವಳನ್ನ ಕೇಳಿ. ತಪ್ಪು ತಿಳಿದುಕೊಳ್ಳಬೇಡ ಎಂದರೆ ಮತ್ತೆ ಹೇಗೆ ತಿಳಿದುಕೊಳ್ಳಬೇಕೋ, ದೇವರೇ ಬಲ್ಲ.

ಹಾಗೆ ಹೆದರುವಂಥದ್ದು ಅವಳ ಮುಖದಲ್ಲಿ ಏನಿತ್ತು ಎಂದರೆ, ಏನೂ ಇರಲಿಲ್ಲ. ಹೊಳೆಯಾಚೆಯವರ ಮುಖ, ಅಷ್ಟೆ. ಅಜ್ಜ ಮುತ್ತಜ್ಜಂದಿರ ಕಾಲಕ್ಕೇ ಹೊಳೆ ದಾಟಿ ಬಂದು ಈ ಊರಲ್ಲಿ ನೆಲೆ ನಿಂತ ಜನ. ಗದ್ದ ಒಂದಿಷ್ಟು ಮುಂದೆ, ತುಟಿಯ ಎರಡೂ ಅಂಚು ಒಂದಿಷ್ಟು ಕೆಳಗೆ, ಹುಬ್ಬು ದಟ್ಟ. ನಿದ್ದೆಯಲ್ಲೂ ಯಾರ ಮೇಲೋ ಮುನಿಸಿಕೊಂಡ ಹಾಗೆ ಕಾಣುವ ಮುಖ. ಊರಿನವರದು ಗುಂಡು ಮುಖ, ತುಟಿಯಂಚು ತಾನಾಗಿ ಮೇಲಕ್ಕೆದ್ದದ್ದು. ಬೈಯುವಾಗಲೂ ಹರಸುವ ಹಾಗೆ ಕಾಣುತ್ತಾರೆ. ಹೊಳೆಯಾಚೆಯವರು ಎದುರಿಗೆ ಬಂದರೆ ಊರಿನವರ ಕೈಚೀಲ ಈ ತೋಳಿನಿಂದ ಆ ತೋಳಿಗೆ ಹೋಗುತ್ತಿತ್ತು. ಯಾಕೆ ಎಂದು ಕೇಳಿದರೆ, ನಾವೇನೂ ಅನ್ನಲಿಲ್ಲವಲ್ಲ, ಅವರ ಮುಖವೇ ಹೇಳುತ್ತದಲ್ಲ ಎನ್ನುತ್ತಿದ್ದರು. ಮುಖಕ್ಕೆ ಬಾಯಿ ಇರುವುದು ಇಂಥ ಕೆಲಸಕ್ಕೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಅವಳ ಕೆಲಸ ಹಲ್ಲುಸೆಟ್ಟು ಮಾಡುವುದು. ಬಾಯಲ್ಲಿ ಒಂದೂ ಹಲ್ಲಿಲ್ಲದವರಿಗೆ ಪೂರ್ತಿ ಸೆಟ್ಟು ಮಾಡುವುದೆಂದರೆ ಬರೀ ಹಲ್ಲು ಜೋಡಿಸುವುದಲ್ಲ. ಹಲ್ಲು ಹೋದ ಮೇಲೆ ಮೂಗಿಗೂ ಗದ್ದಕ್ಕೂ ನಡುವಿನ ಭಾಗ ಕುಸಿದುಬಿಡುತ್ತದೆ. ಅದನ್ನು ಎಷ್ಟು ಎತ್ತಿ ನಿಲ್ಲಿಸಬೇಕು ಎನ್ನುವುದೆಲ್ಲ ಸೆಟ್ಟಿನ ಎತ್ತರದಲ್ಲಿದೆ. ಡಾಕ್ಟರಮ್ಮ ಅಳತೆ ತೆಗೆದು ಪರದೆಯ ಈಚೆಗೆ ದಾಟಿಸುತ್ತಾರೆ. ಅವಳು ಮೊದಲು ಮೇಣದ ದವಡೆ ಮಾಡಿ ಅದರಲ್ಲಿ ಹಲ್ಲು ಕೂರಿಸುತ್ತಾಳೆ. ಅದನ್ನು ಬಾಯಿಗಿಟ್ಟು, ಕನ್ನಡಿ ಹಿಡಿದು, ನಗಿಸಿ, ಮಾತಾಡಿಸಿ ನೋಡುತ್ತಾರೆ. ಎಲ್ಲ ಸರಿ ಎಂದ ಮೇಲೆ ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಗುಲಾಬಿ ಬಣ್ಣದ ಹಿಟ್ಟಿನಂಥದ್ದನ್ನು ತುಂಬಿ ಬೇಯಿಸಿ ಗಟ್ಟಿ ಮಾಡುತ್ತಾರೆ. ಕನ್ನಡಿಗೂ ಬೇಯಿಸುವುದಕ್ಕೂ ನಡುವೆ ಸೆಟ್ಟು ಇರುವುದು ಒಳಗಿನವಳ ಕೈಯಲ್ಲಿ. ಅಲ್ಲಿ ಅವಳು ಏನು ಮಾಡಿದಳು ಎಂದು ಇಣುಕಿ ನೋಡುವವರಿಲ್ಲ. ಎಷ್ಟೋ ವರ್ಷ ಆ ನಂಬಿಕೆಗೆ ಅವಳು ಒಂದು ಕೂದಲೆಳೆಯಷ್ಟೂ ಚ್ಯುತಿ ತಂದವಳಲ್ಲ.

ಒಂದು ದಿನ ಪರದೆಯಾಚೆಯಿಂದ ಒಂದು ಧ್ವನಿ ಕೇಳಿಸಿತು. ಹಲ್ಲಿಲ್ಲದ ಬಾಯಿಯ ಮೆತ್ತನೆಯ ಧ್ವನಿ. ಮುಂದಿನ ತಿಂಗಳು ಅಂಗಡಿಯವರ ಸಂಘದ ಅಧ್ಯಕ್ಷರ ಆಯ್ಕೆ ಇದೆ, ಅಷ್ಟರೊಳಗೆ ಹಳೇ ನಗು ವಾಪಸ್ಸು ಬೇಕು ಎನ್ನುತ್ತಿತ್ತು. ಮೇಣ ಕೆತ್ತುವ ಚಾಕು ಅವಳ ಕೈಯಲ್ಲಿ ಹಾಗೇ ನಿಂತಿತು. ಡಾಕ್ಟರಮ್ಮ ಪರದೆ ಸರಿಸಿ ಅಳತೆಯ ತಟ್ಟೆ ಇಡುತ್ತಾ, ನಗುಮುಖದವರ ಕೇಸು, ಚೆನ್ನಾಗಿ ಮಾಡು ಎಂದರು. ಆಗಲಿ ಅಮ್ಮಾ ಎಂದಳು ಅವಳು.

ನಗುಮುಖದವರು ಎಂದರೆ ದೊಡ್ಡ ಬೀದಿಯ ಗಡಿಯಾರದಂಗಡಿಯ ಯಜಮಾನರು. ಅಂಗಡಿಯ ಬೋರ್ಡಿನ ತುಂಬ ಅವರದೇ ಮುಖ, ತುಟಿಯಂಚು ಕೆನ್ನೆಯವರೆಗೆ ಏರಿದ್ದು. ಹೊರಗೆ ಹೊರಟರೆ ಕೈಯಲ್ಲಿ ಬೆಳ್ಳಿ ಹಿಡಿಯ ಕೊಡೆ, ಬಿಸಿಲಿರಲಿ ಮೋಡವಿರಲಿ. ಮುಖ ನೋಡಿದರೆ ಸಾಕು, ಮನುಷ್ಯ ಎಂಥವನು ಎಂದು ಹೇಳಿಬಿಡುತ್ತೇನೆ ಎನ್ನುವುದು ಅವರ ಹೆಮ್ಮೆ. ಊರೆಲ್ಲ ಅವರನ್ನು ಬಹುವಚನದಲ್ಲಿ ಕರೆಯುತ್ತಿತ್ತು. ಅವಳು ಮನಸ್ಸಿನೊಳಗೆ ಕರೆಯುತ್ತಿದ್ದ ಹೆಸರನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅವಳಿಗೊಬ್ಬ ಅಣ್ಣ. ಸರಕಿನ ವ್ಯಾನು ಓಡಿಸುತ್ತಿದ್ದ. ಒಂದು ಬೆಳಿಗ್ಗೆ ಗಡಿಯಾರದಂಗಡಿಯ ಹಿಂಬಾಗಿಲಲ್ಲಿ ಪೆಟ್ಟಿಗೆಗಳನ್ನು ಇಳಿಸಿ, ಗುಮಾಸ್ತನ ಸಹಿ ಹಾಕಿಸಿಕೊಂಡು ತನ್ನ ಪಾಡಿಗೆ ತಾನು ಬಂದ. ಸಂಜೆ ಹೊತ್ತಿಗೆ ಅಂಗಡಿಯಲ್ಲಿ ಒಂದು ಪೆಟ್ಟಿಗೆ ಕೈಗಡಿಯಾರ ಕಾಣೆ. ಠಾಣೆಯಲ್ಲಿ ಹೊಳೆಯಾಚೆಯ ನಾಲ್ಕಾರು ಗಂಡಸರನ್ನು, ಕಣ್ಣು ಕೋರೈಸುವ ಹಾಗೆ ಟಾರ್ಚು ಬಿಟ್ಟು, ಸಾಲಾಗಿ ನಿಲ್ಲಿಸಿದರು. ನಗುಮುಖದವರು ಬಾಗಿಲಲ್ಲೇ ನಿಂತು ಕೊಡೆಯ ತುದಿಯಿಂದ ತೋರಿಸಿದರು: ಇವನೇ, ಪೆಟ್ಟಿಗೆ ಹೊತ್ತುಕೊಂಡು ಓಡಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಈ ಮುಖ ಮರೆಯುವುದುಂಟೇ. ಕೋರ್ಟಿನಲ್ಲಿ ಅಣ್ಣನ ವಕೀಲ ಅವನ ಕಿವಿಯಲ್ಲಿ ಹೇಳಿದ್ದೇನು ಗೊತ್ತೆ? ತಲೆ ಎತ್ತಬೇಡ, ನಿನ್ನ ಮುಖ ಕಂಡರೆ ಜಡ್ಜ್ ಸಾಹೇಬರಿಗೆ ಕೋಪ ಬರುತ್ತದೆ ಎಂದು. ಪಾಪ, ಅವನು ವಿಚಾರಣೆ ಮುಗಿಯುವವರೆಗೂ ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತ. ತನ್ನ ಮೇಲೆ ಸಾಕ್ಷಿ ಹೇಳಿದವರ ಮುಖವನ್ನು ಅವನು ಒಮ್ಮೆಯೂ ನೋಡಲಿಲ್ಲ. ಸೀದಾ ಜೈಲಿಗೆ ಹೋದ.

ಅವನು ಹೊರಗೆ ಬರುವಷ್ಟರಲ್ಲಿ ಕಾಣೆಯಾದ ಗಡಿಯಾರಗಳು ಸಿಕ್ಕಿದ್ದವು. ಎಲ್ಲಿ? ನಗುಮುಖದವರ ಸ್ವಂತ ಬಾಮೈದನ ಟ್ರಂಕಿನಲ್ಲಿ. ಬಾಮೈದನದೂ ಅದೇ ಗುಂಡು ಮುಖ, ಹಾಲು ಕುಡಿದ ಮಗುವಿನಂಥ ತುಟಿ. ಅವನ ಮೇಲೆ ಯಾರು ಅನುಮಾನ ಪಟ್ಟಾರು. ಮನೆಯವರು ಸದ್ದಿಲ್ಲದೆ ಅವನನ್ನು ದೂರದ ಊರಿಗೆ ಸಾಗಹಾಕಿದರು. ಬೀದಿಗೆಲ್ಲ ಗೊತ್ತು. ಆದರೆ ಬಾಯಿಬಿಟ್ಟು ಹೇಳಬೇಕಾದವರು ಬಾಯಿಗೆ ಬೀಗ ಹಾಕಿಕೊಂಡರು.

ಜೈಲಿಗೆ ಹೋಗಿ ಬಂದವನಿಗೆ ಯಾರು ಸ್ಟೀರಿಂಗ್ ಕೊಡುತ್ತಾರೆ? ಕೊನೆಗೆ ಬಸ್ ಡಿಪೋದ ಮ್ಯಾನೇಜರ್ ಒಂದು ಮಾತು ಹೇಳಿದರು. ಆ ಸಾಕ್ಷಿ ಹೇಳಿದವರೇ ಇಲ್ಲಿಗೆ ಬಂದು ನನ್ನಿಂದ ತಪ್ಪಾಯಿತು ಎಂದರೆ ಸಾಕು, ಇವನನ್ನು ಡ್ರೈವರಾಗಿ ತೆಗೆದುಕೊಳ್ಳುತ್ತೇನೆ. ಒಂದೇ ಒಂದು ಮಾತು. ಅಮ್ಮ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಗಡಿಯಾರದಂಗಡಿಗೆ ಹೋದರು, ಮಗಳನ್ನೂ ಕರೆದುಕೊಂಡು. ಒಳಗೆ ಕರೆಯಲಿಲ್ಲ, ಮೆಟ್ಟಿಲ ಮೇಲೆ ನಿಲ್ಲಿಸಿ ಮಾತಾಡಿದರು. ಅಮ್ಮ ಕೈಮುಗಿದು ಎಲ್ಲ ಹೇಳಿದರು. ನಗುಮುಖದವರು ನಗುನಗುತ್ತಲೇ ಕೇಳಿದರು, ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು, ಆಮೇಲೆ ಹೇಳಿದರು:

“ಆಗ ಕದ್ದಿಲ್ಲ ಅಂತಲೇ ಇಟ್ಕೊಳ್ಳಿ ತಾಯೀ. ಆದ್ರೆ ಮುಂದೆ ಕದಿಯೋ ಮುಖ ಅದು. ನಾನು ಹೇಗೆ ಮಾತು ಕೊಡ್ಲಿ?”

ಅಮ್ಮ ಮೆಟ್ಟಿಲು ಇಳಿಯುವಾಗ ಕಾಲು ತಪ್ಪಿದರು. ಮಗಳು ಹಿಡಿದುಕೊಂಡಳು. ಅಂದಿನಿಂದ ಅಣ್ಣ ಮನೆಯ ಮೂಲೆ ಹಿಡಿದ. ಊಟಕ್ಕೆ ಕರೆದರೆ ಬರುತ್ತಿದ್ದ, ತಟ್ಟೆ ನೋಡಿಕೊಂಡೇ ಉಣ್ಣುತ್ತಿದ್ದ. ತಲೆ ಎತ್ತಬೇಡ ಎಂದು ವಕೀಲ ಹೇಳಿದ್ದನ್ನು ಇನ್ನೂ ಪಾಲಿಸುತ್ತಿದ್ದಾನೇನೋ ಅನ್ನಿಸುತ್ತಿತ್ತು. ಅವನನ್ನು ನೋಡಿದಾಗಲೆಲ್ಲ ಅವಳ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಆ ಒಂದು ಮಾತನ್ನು ಆ ಬಾಯಿಂದ ಹೊರಡಿಸದೆ ಬಿಡುವುದಿಲ್ಲ ಎಂದು ಅವಳು ಹಲ್ಲು ಕಚ್ಚಿ ಕಾದಳು. ಕಾದದ್ದಕ್ಕೆ ಆ ಬಾಯಿಯೇ ಅಚ್ಚಾಗಿ ತಟ್ಟೆಯಲ್ಲಿ ಕೂತು ಮೇಜಿನ ಮೇಲೆ ಬಂದಿತ್ತು.

ಮೇಣದ ಸೆಟ್ಟನ್ನು ಅವಳು ಚೊಕ್ಕವಾಗಿ ಮಾಡಿದಳು. ನಗುಮುಖದವರು ಅದನ್ನು ಬಾಯಿಗಿಟ್ಟು ಕನ್ನಡಿಯಲ್ಲಿ ನೋಡಿಕೊಂಡು, ಬೋರ್ಡಿನ ಮೇಲಿನ ಮುಖ ಹಾಗೇ ಬಂದಿದೆ ಎಂದು ಹಿಗ್ಗಿಹೋದರಂತೆ. ಡಾಕ್ಟರಮ್ಮ ಬೇಷ್ ಎಂದರು. ಮೇಣದ ಸೆಟ್ಟು ಪರದೆಯ ಈಚೆಗೆ ಬಂತು, ಬೇಯಿಸುವುದಕ್ಕೆ. ಡಾಕ್ಟರಮ್ಮ ಊಟಕ್ಕೆ ಮನೆಗೆ ಹೋದರು.

ಚಾಕುವನ್ನು ದೀಪಕ್ಕೆ ಹಿಡಿದು ಕಾಯಿಸಿದಳು. ಹಲ್ಲುಗಳನ್ನು ಕಿತ್ತು ಪಕ್ಕಕ್ಕಿಟ್ಟಳು. ಮೇಲಿನ ದವಡೆಯಿಂದ ಇಷ್ಟು, ಕೆಳಗಿನದರಿಂದ ಇಷ್ಟು ಮೇಣ ಸವರಿ ತೆಗೆದಳು, ಎರಡೂ ಸೇರಿ ಒಂದು ಪೆನ್ಸಿಲಿನ ದಪ್ಪದಷ್ಟು. ಮತ್ತೆ ಅವೇ ಹಲ್ಲು, ಅದೇ ಸಾಲು, ಅದೇ ಹೊಳಪು. ಎತ್ತರ ಮಾತ್ರ ಕಡಿಮೆ. ಬಾಯಿ ಮುಚ್ಚಿದರೆ ಗದ್ದ ಮೇಲೇರಿ ಮುಂದೆ ಚಾಚಬೇಕು, ತುಟಿಯಂಚು ಎರಡೂ ಕಡೆ ಕೆಳಗೆ ಜಾರಬೇಕು. ಡಾಕ್ಟರಮ್ಮನಿಗೆ ಎಂದೂ ಮಾಡದ ಮೋಸವನ್ನು ಇಂದು ಮಾಡಿದೆ ಎಂಬ ಚುರುಕು ಒಂದು ಕ್ಷಣ ಇತ್ತು. ಮೆಟ್ಟಿಲ ಮೇಲೆ ಕೈಮುಗಿದು ನಿಂತ ಅಮ್ಮ ನೆನಪಾದರು, ಚುರುಕು ಆರಿಹೋಯಿತು. ಸೆಟ್ಟನ್ನು ಬೇಯಲು ಇಟ್ಟು, ಬುತ್ತಿ ಬಿಚ್ಚಿ, ಹೊಟ್ಟೆ ತುಂಬ ಉಂಡಳು.

ಆಮೇಲಿನ ಸುದ್ದಿಯೆಲ್ಲ ಅವಳಿಗೆ ಸಿಕ್ಕಿದ್ದು ಚೀಟಿ ಅಕ್ಕನಿಂದ. ಚೀಟಿ ಅಕ್ಕನ ಕಿವಿ ಊರಿನ ನಾಲ್ಕು ದಿಕ್ಕಿಗೂ ತೆರೆದಿರುತ್ತಿತ್ತು, ಬಾಯಿ ಒಳಗಿನವಳ ಕಡೆಗೆ. ಹೊಸ ಹಲ್ಲು ಹಾಕಿಕೊಂಡು ಹೋದವರನ್ನು ಕಂಡು ಮೊಮ್ಮಗಳು ಕಿಟಾರನೆ ಕಿರುಚಿ ಅಜ್ಜಿಯ ಸೆರಗಿನೊಳಗೆ ಸೇರಿಕೊಂಡಿತಂತೆ. ಅಂಗಡಿಗೆ ಬಂದವರು ಗುಮಾಸ್ತನ ಹತ್ತಿರ, ಯಜಮಾನರಿಗೆ ನಮ್ಮ ಮೇಲೇನು ಸಿಟ್ಟು ಎಂದು ಪಿಸುಗುಟ್ಟುತ್ತಾರಂತೆ. ಗಿರಾಕಿಯೊಬ್ಬಳು ಎಂದೂ ಇಲ್ಲದೆ ಗಡಿಯಾರವನ್ನು ಕಿವಿಗಿಟ್ಟು, ಅಲ್ಲಾಡಿಸಿ, ತಿರುವಿ ನೋಡಿ, ಅಸಲಿಯೋ ನಕಲಿಯೋ ಎಂದು ಕೇಳಿದಳಂತೆ. ಸಂಘದ ಆಯ್ಕೆಯಲ್ಲಿ ನಗುಮುಖದವರು ಭಾಷಣಕ್ಕೆ ನಿಂತಾಗ ಹಿಂದಿನ ಸಾಲಿನಿಂದ ಯಾರೋ, ಇವರೇನು ನಮ್ಮನ್ನ ಬೈಯೋಕೆ ಬಂದಿದ್ದಾರಾ ಎಂದರಂತೆ, ಸಭೆಯೆಲ್ಲ ಗೊಳ್ಳೆಂದಿತಂತೆ. ಗೆದ್ದದ್ದು ಚಪ್ಪಲಿ ಅಂಗಡಿಯವನು.

“ಇನ್ನೊಂದು ಕೇಳು,” ಎಂದಳು ಚೀಟಿ ಅಕ್ಕ, ಸ್ಟೂಲು ಎಳೆದುಕೊಂಡು. ಸಗಟು ಮಾರುಕಟ್ಟೆಗೆ ಹೊಸ ಕಾವಲುಗಾರ ಬಂದಿದ್ದಾನೆ. ಅವನು ನಗುಮುಖದವರನ್ನು ಬಾಗಿಲಲ್ಲೇ ತಡೆದು, ಹೊಳೆಯಾಚೆಯವರೆಲ್ಲ ಹಿಂಬಾಗಿಲಿಂದ ಬರಬೇಕು, ಜೇಬು ತೋರಿಸಬೇಕು ಎಂದನಂತೆ. ಇವರು ನಾನು ಯಾರು ಗೊತ್ತಾ ಎಂದು ಗುಡುಗಿದರೆ, ಅವನು ಹೂಂ, ಮುಖ ನೋಡಿದ್ರೇ ಗೊತ್ತಾಗುತ್ತೆ ಎಂದನಂತೆ.

ಇಷ್ಟು ಹೇಳಿದ ಮೇಲೆ ಚೀಟಿ ಅಕ್ಕನಿಗೆ ತಾನು ಯಾರ ಮುಂದೆ ಕೂತಿದ್ದೇನೆ ಎಂಬುದು ನೆನಪಾಗಿರಬೇಕು. ಅಂದರೆ, ನಿನ್ನ ವಿಷಯ ಬೇರೆ ಎಂದು ತಡವರಿಸಿ ಎದ್ದುಹೋದಳು. ಒಳಗಿನವಳು ಮೇಜಿನ ಮೇಲೆ ತಲೆಯಿಟ್ಟು, ಬಾಯಿಗೆ ಸೆರಗು ಒತ್ತಿಕೊಂಡು, ಭುಜ ಕುಣಿಯುವ ಹಾಗೆ ನಕ್ಕಳು. ಹೊಟ್ಟೆ ತಣ್ಣಗಾಯಿತು ಎಂದರೆ ಸುಳ್ಳು. ಒಂದು ಲೋಟ ನೀರು ಹೊಯ್ದಷ್ಟಾಯಿತು, ಅಷ್ಟೆ. ಅಣ್ಣ ಇನ್ನೂ ಮೂಲೆಯಲ್ಲೇ ಇದ್ದ.

ನಗುಮುಖದವರು ಡಾಕ್ಟರಮ್ಮನ ಹತ್ತಿರ ಮತ್ತೆ ಮತ್ತೆ ಬಂದರು. ಡಾಕ್ಟರಮ್ಮ ಹೊಸ ಸೆಟ್ಟಿನವರಿಗೆಲ್ಲ ಹೇಳುವ ಮಾತನ್ನೇ ಹೇಳಿದರು: ಮೊದಮೊದಲು ಹಾಗೇ, ಅಭ್ಯಾಸ ಆಗುತ್ತೆ. ಆಮೇಲೆ ಡಾಕ್ಟರಮ್ಮ ಬಾಣಂತಿ ಮಗಳ ಮನೆಗೆ ಹೊರಟರು. ಹೋಗುವಾಗ, ಬೇಕಾದರೆ ಒಳಗಿನವಳಿಗೆ ತೋರಿಸಿ, ಏನಾದರೂ ಕೆರೆದು ಕೊಡುತ್ತಾಳೆ ಎಂದು ಹೇಳಿಹೋದರು. ಹೀಗೆ ನಗುಮುಖದವರು ತಾವಾಗಿಯೇ ಹಸಿರು ಪರದೆ ಸರಿಸಿ ಒಳಗೆ ಬಂದರು.

ಅವಳು ಏಳಲಿಲ್ಲ. ಎದುರಿನ ಸ್ಟೂಲು ತೋರಿಸಿದಳು. ಕೂತರು, ಕೊಡೆಯನ್ನು ತೊಡೆಯ ನಡುವೆ ನಿಲ್ಲಿಸಿಕೊಂಡು. ತನ್ನ ಕೈಕೆಲಸವನ್ನು ಅವಳು ಮೊದಲ ಸಲ ಎದುರೆದುರೇ ನೋಡಿದಳು. ಚಾಚಿದ ಗದ್ದ, ಜಾರಿದ ತುಟಿ. ಅವಳ ಸೋದರಮಾವನ ಹಾಗೇ ಕಾಣುತ್ತಿದ್ದರು. ಒಂದು ಗಳಿಗೆ ಅವಳಿಗೆ ಮೈ ಜುಮ್ಮೆಂದಿತು.

ನನ್ನ ಗುರುತು ಸಿಕ್ಕಿತಾ ಎಂದು ಕೇಳಿದಳು. ಅವರು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ, ಬೇಜಾರಿನಿಂದ, ತೀರ ಸಹಜವಾಗಿ ಅಂದರು:

“ನಿಮ್ಮವರೆಲ್ಲ ನನಗೆ ಒಂದೇ ಥರ ಕಾಣ್ತಾರಮ್ಮ.”

“ಒಂದೇ ಥರ ಕಾಣೋವರ ಸಾಲಲ್ಲಿ, ಇವನೇ ಅಂತ ಕೊಡೆ ಚಾಚಿ ತೋರಿಸಿದ್ರಲ್ಲ. ಅದು ಹೇಗೆ?”

ಕೊಡೆ ತೊಡೆಯಿಂದ ಜಾರಿ ನೆಲಕ್ಕೆ ಬಿತ್ತು. ಆಗ ಅವರಿಗೆ ಮೆಟ್ಟಿಲು ನೆನಪಾಯಿತು, ಕೈಮುಗಿದ ತಾಯಿ ನೆನಪಾದಳು, ಪಕ್ಕದಲ್ಲಿ ಒಬ್ಬಳು ನಿಂತಿದ್ದಳು ಎಂಬುದೂ ನೆನಪಾಯಿತು. ಮುಖ ಮಾತ್ರ ನೆನಪಾಗಲಿಲ್ಲ. ಇನ್ನು ಈ ಹಲ್ಲು ಯಾಕೆ ಹೀಗಾಯಿತು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಡಾಕ್ಟರಮ್ಮನಿಗೆ ಹೇಳುತ್ತೇನೆ, ಪೊಲೀಸಿಗೆ ಹೇಳುತ್ತೇನೆ ಎಂದು ಎದ್ದು ನಿಂತರು. ಹೇಳಿ ಎಂದಳು ಅವಳು. ಆ ಮುಖ ಇಟ್ಟುಕೊಂಡು ಠಾಣೆಗೆ ಹೋಗಿ ನೋಡಿ, ಯಾರನ್ನು ಒಳಗೆ ಕೂರಿಸುತ್ತಾರೋ. ಅವರು ಎದ್ದಷ್ಟೇ ನಿಧಾನಕ್ಕೆ ಮತ್ತೆ ಕೂತರು.

ಅವಳು ಕೇಳಿದ್ದು ಒಂದೇ. ಡಿಪೋಗೆ ಹೋಗಬೇಕು. ಅಂದು ನಾನು ಏನೂ ನೋಡಲಿಲ್ಲ, ಮುಖ ನೋಡಿ ಹೇಳಿದೆ, ತಪ್ಪು ನನ್ನದು ಎನ್ನಬೇಕು. ಹಾಗೆಂದರೆ ಹೊಸ ಸೆಟ್ಟು ಮಾಡಿಕೊಡುತ್ತೇನೆ. ನಗುಮುಖದವರು ನೆಲಕ್ಕೆ ಬಿದ್ದ ಕೊಡೆ ಎತ್ತಿಕೊಂಡು ಹೋದರು.

ಮಧ್ಯಾಹ್ನ ದಾಟುವಷ್ಟರಲ್ಲಿ ತಿರುಗಿ ಬಂದರು. ಬೆವರಿನಲ್ಲಿ ಒದ್ದೆಯಾಗಿದ್ದರು. ಹೇಳಿದೆ ಎಂದರು. ದೇವರಾಣೆಗೂ ಹೇಳಿದೆ, ಅವರು ನಂಬಲಿಲ್ಲ. ಮ್ಯಾನೇಜರ್ ಕೂರಲೂ ಹೇಳಲಿಲ್ಲವಂತೆ. ಗಡಿಯಾರದಂಗಡಿಯವರನ್ನು ಬೋರ್ಡಿನ ಮೇಲೆ ದಿನಾ ನೋಡುತ್ತೇನೆ, ಲಕ್ಷಣವಾದ ಮುಖ ಅವರದು, ನೀನ್ಯಾರು, ಆ ಹುಡುಗನ ಚಿಕ್ಕಪ್ಪನೋ ದೊಡ್ಡಪ್ಪನೋ, ವೇಷ ಹಾಕಿಕೊಂಡು ಬಂದಿದ್ದೀಯ ಎಂದು ಕೇಳಿದರಂತೆ. ಹೆಚ್ಚು ಮಾತಾಡಿದ್ದಕ್ಕೆ ಗೇಟಿನವರೆಗೂ ತಳ್ಳಿಸಿಕೊಂಡು ಬಂದಿದ್ದರು.

ಒಳಗಿನವಳಿಗೆ ತಲೆ ಧಿಮ್ಮೆಂದಿತು. ಇಷ್ಟು ವರ್ಷ ಕಾದು, ಕದ್ದು, ಕೆತ್ತಿ, ಆ ಬಾಯಿಂದ ನಿಜ ಹೊರಡಿಸಿದ್ದಳು. ಹೊರಟ ನಿಜವನ್ನು ಅವಳೇ ಕೆತ್ತಿದ ಮುಖ ಸುಳ್ಳು ಮಾಡಿತ್ತು. ಇದೇ ಮನುಷ್ಯ ಹಳೆಯ ಮುಖ ಹೊತ್ತು ಹಸಿ ಸುಳ್ಳು ಹೇಳಿದಾಗ ಠಾಣೆ ನಂಬಿತು, ಕೋರ್ಟು ನಂಬಿತು. ಹೊಳೆಯಾಚೆಯ ಮುಖದಲ್ಲಿ ಸತ್ಯ ಹೇಳಿದರೆ ಡಿಪೋದ ಗೇಟು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎದುರಿಗೆ ಕೂತವರ ಮೇಲಷ್ಟೇ ಅಲ್ಲ, ಊರಿನ ಮೇಲೆಯೇ. ಎಲ್ಲರಿಗೂ ಒಂದೊಂದು ಸೆಟ್ಟು ಮಾಡಿ ಬಾಯಿಗೆ ತುರುಕಬೇಕು ಅನ್ನಿಸಿತು. ಆದರೆ ಅಣ್ಣನಿಗೆ ಬೇಕಾದದ್ದು ಅವಳ ಸಿಟ್ಟಲ್ಲ, ಸ್ಟೀರಿಂಗ್.

“ಕೂತ್ಕೊಳ್ಳಿ,” ಎಂದಳು. “ನಿಮ್ಮ ಹಳೇ ಮುಖ ಮಾಡಿಕೊಡ್ತೀನಿ.”

ಹಳೆಯ ಅಚ್ಚು ಇನ್ನೂ ಅಟ್ಟದ ಮೇಲಿತ್ತು. ಎರಡು ದಿನ ಕೂತು ಅವಳು ಮತ್ತೊಂದು ಮೇಣದ ಸೆಟ್ಟು ಮಾಡಿದಳು. ಮನಸ್ಸು ಒಲ್ಲೆ ಎಂದರೂ ಕೈ ಚೆನ್ನಾಗಿಯೇ ಮಾಡಿತು. ಅದನ್ನು ಬಾಯಿಗಿಟ್ಟುಕೊಂಡು ನಗುಮುಖದವರು ತಲೆ ಎತ್ತಿದಾಗ, ಬೋರ್ಡಿನ ಮೇಲಿನ ಆ ಹಾಳು ನಗು ಸ್ಟೂಲಿನ ಮೇಲೆ ಕೂತಿತ್ತು. ನೋಡಿದ ಕೂಡಲೇ ಒಳ್ಳೆಯವರು ಅನ್ನಿಸುವ ಮುಖ. ಎಲ್ಲ ಗೊತ್ತಿದ್ದ ಅವಳಿಗೂ ಒಂದು ಗಳಿಗೆ ಹಾಗೆ ಅನ್ನಿಸಿಬಿಟ್ಟಿತು, ಅದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಇದು ಮೇಣ, ಜೋಪಾನ, ಮಾತಾಡಿ, ನಗಿ, ಬಿಸಿ ಮಾತ್ರ ಮುಟ್ಟಬೇಡಿ ಎಂದು ಎಚ್ಚರಿಸಿ ಕಳಿಸಿದಳು. ಮಾತು ಕೊಟ್ಟು ಬನ್ನಿ, ಗಟ್ಟಿ ಸೆಟ್ಟು ಮಾಡೋಣ.

ಡಿಪೋದಲ್ಲಿ ನಡೆದದ್ದನ್ನು ಮರುದಿನ ಚೀಟಿ ಅಕ್ಕ ಬಣ್ಣ ಕಟ್ಟಿ ಹೇಳಿದಳು. ಅವಳ ಗಂಡ ಅಲ್ಲಿಯೇ ಗುಮಾಸ್ತ. ನಗುಮುಖದವರು ಬಾಗಿಲಲ್ಲಿ ಕಂಡದ್ದೇ ತಡ, ಮ್ಯಾನೇಜರ್ ಎದ್ದು ನಿಂತು ಕುರ್ಚಿ ಒರೆಸಿ ಕೂರಿಸಿದರಂತೆ. ನಿಮ್ಮ ಹೆಸರು ಹೇಳಿಕೊಂಡು ಯಾವನೋ ಹೊಳೆಯಾಚೆಯವನು ಬಂದಿದ್ದ, ಒದ್ದು ಓಡಿಸಿದೆ ಎಂದು ಹೇಳಿಕೊಂಡರಂತೆ. ನಗುಮುಖದವರ ಮುಖ ನಗುತ್ತಲೇ ಇತ್ತಂತೆ, ಕಣ್ಣು ಮಾತ್ರ ಒಂಥರಾ ಆಯಿತಂತೆ. ಅದೇ ಮಾತು ಹೇಳಿದರು, ಅಕ್ಷರ ಆಚೀಚೆ ಆಗದಂತೆ. ತಪ್ಪು ಒಪ್ಪಿಕೊಳ್ಳಲು ಎಂಥ ದೊಡ್ಡ ಮನಸ್ಸು ಬೇಕು ಎಂದು ಮ್ಯಾನೇಜರ್ ಕಣ್ಣೊರೆಸಿಕೊಂಡರಂತೆ. ಅಲ್ಲೇ ಅಪ್ಪಣೆ ಆಯಿತು, ಹುಡುಗ ಸೋಮವಾರದಿಂದ ಬಸ್ಸು ಹತ್ತಲಿ ಎಂದು. ಆಮೇಲೆ, ಇಂಥವರು ಬಂದಾಗ ಬರಿಗೈಯಲ್ಲಿ ಕಳಿಸಲಾದೀತೇ, ಕುದಿಕುದಿಯುವ ಚಹಾ ತರಿಸಿದರಂತೆ. ಬೇಡ ಎಂದರೂ ಕೇಳಲಿಲ್ಲ. ಮರ್ಯಾದೆ ಬಿಡಲಾರದೆ ನಗುಮುಖದವರು ಎರಡು ಗುಟುಕು ಕುಡಿದರು.

“ಮೇಲಿನ ಹಲ್ಲು ಸಾಲಾಗಿ ಜಾರಿ ಲೋಟದೊಳಗೇ ಬಿದ್ವಂತೆ ಕಣೇ,” ಎಂದು ಚೀಟಿ ಅಕ್ಕ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ಬಾಯಿಗೆ ಕರ್ಚೀಫು ಒತ್ತಿಕೊಂಡು ಹೊರಬಿದ್ದವರು ಹಿಂದಿನ ದಿನವೇ ಸೀದಾ ಹಸಿರು ಪರದೆಗೆ ಬಂದಿದ್ದರು.

ಆಗ ಒಳಗಿನವಳು ವಕ್ರವಾಗಿದ್ದ ಮೇಣವನ್ನು ಅವರ ಕೈಯಿಂದ ತೆಗೆದುಕೊಂಡಳು. ಮೇಜಿನ ಮೇಲೆ ಬಿಸಿನೀರಿನ ಬಟ್ಟಲಿತ್ತು. ಅದರಲ್ಲಿ ಹಾಕಿದಳು. ಅವರ ನಗು ಅವರ ಕಣ್ಣೆದುರೇ ಕರಗಿ ನೀರಿನ ಮೇಲೆ ತೇಲಿತು, ಹಲ್ಲುಗಳು ಒಂದೊಂದಾಗಿ ತಳಕ್ಕೆ ಇಳಿದವು.

ಮಾಡಿಕೊಡುತ್ತೇನೆ ಅಂದಿದ್ದೆಯಲ್ಲ ಎಂದರು ಅವರು, ಹಲ್ಲಿಲ್ಲದ ಬಾಯಲ್ಲಿ.

“ಮಾಡಿಕೊಡ್ತೀನಿ. ಯಾವಾಗ ಅಂತ ಹೇಳಿಲ್ಲ. ಗಡಿಯಾರ ನಿಮ್ಮ ಮನೆ ಟ್ರಂಕಲ್ಲಿ ಸಿಕ್ಕಿದ ಮೇಲೂ ನಮ್ಮನ್ನ ಎಷ್ಟು ಕಾಯಿಸಿದ್ರಿ? ಅಷ್ಟೇ ಕಾಯಿಸ್ತೀನಿ. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆ ಇಲ್ಲ.”

ಅವರು ಅಲ್ಲೇ ಬಿಟ್ಟುಹೋಗಿದ್ದ ಗುಲಾಬಿ ಬಣ್ಣದ ಗಟ್ಟಿ ಸೆಟ್ಟನ್ನು, ಆ ಪೆನ್ಸಿಲಿನ ದಪ್ಪದಷ್ಟು ಎತ್ತರ ಕಡಿಮೆಯದನ್ನು, ಒರೆಸಿ ಅವರ ಅಂಗೈಯಲ್ಲಿಟ್ಟಳು. ಬೇರೆ ದಾರಿ ಇರಲಿಲ್ಲ. ಹಾಕಿಕೊಂಡರು. ಗದ್ದ ಮುಂದೆ ಬಂತು, ತುಟಿ ಜಾರಿತು. ಅವರು ಪರದೆ ಸರಿಸಿ ಹೋಗುವಾಗ ಸೆಟ್ಟು ತೆಗೆದುಕೊಂಡು ಹೋಗಲು ಹೊರಗೆ ಕಾದಿದ್ದ ಹೆಂಗಸೊಬ್ಬಳು ತನ್ನ ಕೈಚೀಲವನ್ನು ಈ ತೋಳಿನಿಂದ ಆ ತೋಳಿಗೆ ಬದಲಾಯಿಸಿಕೊಂಡಳು. ಒಳಗಿನವಳು ಅದನ್ನು ಕಣ್ತುಂಬ ನೋಡಿದಳು.

ಅಣ್ಣ ಖಾಕಿ ತೊಟ್ಟ. ಮೊದಲ ದಿನ ಅಮ್ಮ ಅವನ ಕಾಲರು ಸರಿಮಾಡುತ್ತ ಸರಿಮಾಡುತ್ತ ಅವನನ್ನು ಬಾಗಿಲಿನಿಂದ ಆಚೆಗೇ ಬಿಡಲಿಲ್ಲ. ಸಾಕ್ಷಿ ಹೇಳಿದವರಿಗೆ ದೇವರು ಕೊನೆಗೂ ಒಳ್ಳೆ ಬುದ್ಧಿ ಕೊಟ್ಟ ಎಂದು ಅವನು ನಂಬಿದ್ದ. ತಂಗಿ ಹೂಂ ಎಂದಿದ್ದಳು. ಪಕ್ಕದ ಪಟ್ಟಣಕ್ಕೆ ಹೋಗಿಬರುವ ಬಸ್ಸು ಅವನದು. ಆದರೂ ಊಟಕ್ಕೆ ಕೂತಾಗ ತಟ್ಟೆಯನ್ನೇ ನೋಡುತ್ತಿದ್ದ. ಪ್ರಯಾಣಿಕರು ಹತ್ತುವಾಗ ನನ್ನ ಮುಖ ನೋಡಿ ಹಿಂದಿನ ಸೀಟಿಗೇ ಹೋಗುತ್ತಾರೆ ಎಂದಷ್ಟು ಹೇಳಿದ್ದ, ದೂರಿನಂತಲ್ಲ, ಹವೆಯ ಸುದ್ದಿ ಹೇಳಿದ ಹಾಗೆ.

ಒಂದು ಸಂಜೆ ಅವನು ಬಂದು ಕೂತಾಗ ತಲೆ ಎತ್ತಿಯೇ ಇದ್ದ.

ಇವತ್ತು ನಮ್ಮವನೊಬ್ಬ ಹತ್ತಿದ್ದ ಪುಟ್ಟಿ, ಎಂದು ಶುರುಮಾಡಿದ. ವಯಸ್ಸಾದವನು, ಬಾಯಿಗೆ ಕರ್ಚೀಫು ಹಿಡಿದುಕೊಂಡಿದ್ದ. ಪಕ್ಕದ ಪಟ್ಟಣದ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಂತೆ. ಬಸ್ಸು ಹೆಚ್ಚುಕಡಿಮೆ ತುಂಬಿತ್ತು, ಎರಡು ಸೀಟಿನ ಪಕ್ಕ ಜಾಗ ಇತ್ತು, ಆದರೆ ಒಬ್ಬರೂ ಸರಿಯಲಿಲ್ಲ. ಒಬ್ಬಳು ಚೀಲ ಇಟ್ಟುಬಿಟ್ಟಳು. ಅವನು ಕಂಬಿ ಹಿಡಿದು ನಿಂತಿದ್ದು ಕನ್ನಡಿಯಲ್ಲಿ ಕಾಣಿಸುತ್ತಿತ್ತು. ನನಗೆ ತಡೆಯಲಾಗಲಿಲ್ಲ, ಕರೆದು ನನ್ನ ಎಡಗಡೆ, ಇಂಜಿನ್ ಪಕ್ಕದ ಸೀಟಲ್ಲಿ ಕೂರಿಸಿದೆ.

ತಂಗಿಯ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ತಾಗಿ ಸದ್ದಾಯಿತು. ಕೈಯಲ್ಲಿ ಏನಿತ್ತು ಎಂದು ಕೇಳಿದಳು.

“ಕೊಡೆ. ಹಿಡಿ ಬೆಳ್ಳಿದು ಇರಬೇಕು, ಫಳಫಳ ಅಂತಿತ್ತು. ನಮ್ಮವರಲ್ಲಿ ಅಂಥದ್ದು ಇಟ್ಕೊಂಡಿರೋರು ಯಾರೋ, ನನಗೂ ಆಶ್ಚರ್ಯ ಆಯ್ತು.”

ಅವಳ ಮೈಯೆಲ್ಲ ಉರಿದುಹೋಯಿತು. ಇವನು ಆ ಮನುಷ್ಯನನ್ನು ಕರೆದು ಪಕ್ಕದಲ್ಲಿ ಕೂರಿಸಿದ್ದ. ಆ ಮುಖ ಕೆತ್ತಿದ್ದು ಯಾರೂ ಹತ್ತಿರ ಸೇರಿಸದಿರಲಿ ಎಂದು, ಆ ಮುಖ ಕಂಡೇ ಇವನು ಕನಿಕರ ಪಟ್ಟಿದ್ದ. ಅವನು ಯಾರು ಗೊತ್ತೇನೋ ಪೆದ್ದ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅಣ್ಣ ನಕ್ಕ. ಎಷ್ಟು ವರ್ಷವಾಗಿತ್ತೋ ಅವನು ನಕ್ಕು.

“ಇಳಿಯೋವಾಗ ನನ್ನ ಮುಖಾನೇ ನೋಡಿದ ಪುಟ್ಟಿ. ಎಷ್ಟೋ ಹೊತ್ತು ನೋಡಿದ. ಆಮೇಲೆ ಏನಂದ ಗೊತ್ತಾ? ‘ನಿಮ್ಮದು ಒಳ್ಳೇವರ ಮುಖ ಕಣಪ್ಪ’ ಅಂದ. ನನ್ನ ಜನ್ಮದಲ್ಲಿ ಯಾರೂ ಹಾಗಂದಿರಲಿಲ್ಲ.”

ಅಮ್ಮ ಒಲೆಯ ಕಡೆ ತಿರುಗಿಕೊಂಡು ಸೆರಗಿನಿಂದ ಕಣ್ಣೊತ್ತಿಕೊಂಡರು. ಒಳಗಿನವಳು ನಾಲಿಗೆಯ ತುದಿಯಲ್ಲಿದ್ದುದನ್ನು ನುಂಗಿದಳು. ಕೊಡೆ ಚಾಚಿ ಇವನೇ ಕಳ್ಳ ಎಂದವನಿಗೆ ತಾನು ಚಾಚಿದ್ದು ಯಾರ ಕಡೆಗೆ ಎಂದು ಇವತ್ತಿಗೂ ಗುರುತು ಸಿಕ್ಕಿರಲಿಲ್ಲ. ಅಣ್ಣನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿ, ಇನ್ನೊಂದು ಸಲ ಹೇಳು, ಏನಂದ ಎಂದು ಕೇಳಿದಳು. ಅಣ್ಣ ಮತ್ತೆ ಹೇಳಿದ. ಅವಳು ಮತ್ತೊಮ್ಮೆ ಕೇಳಿದಳು.

ಪಕ್ಕದ ಪಟ್ಟಣದ ಡಾಕ್ಟರು ಏನಾದರೂ ಮಾಡಿಕೊಳ್ಳಲಿ. ಆದರೆ ಅಲ್ಲಿಯ ಹಲ್ಲುಸೆಟ್ಟುಗಳೂ ತಯಾರಾಗಿ ಹೋಗುವುದು ಹಸಿರು ಪರದೆಯ ಹಿಂದಿನ ಆ ಮೇಜಿನಿಂದಲೇ. ನಗುಮುಖದವರ ಅಳತೆಯ ತಟ್ಟೆ ಮುಂದಿನ ವಾರ ಬಂದೇ ಬರುತ್ತದೆ. ಆ ಮುಖ ಆ ಕೊಡೆಯವನಿಗೇ ಇರಲಿ ಎಂದುಕೊಂಡಳು ಅವಳು, ಅಣ್ಣನ ಎದುರು ಕೂತು ತಟ್ಟೆ ಎಳೆದುಕೊಳ್ಳುತ್ತ. ಆ ಮುಖ ಇದ್ದಾಗ ಮಾತ್ರ ಅವನ ಬಾಯಲ್ಲಿ ಇಂಥ ಮಾತು ಬರುತ್ತದೆ.